ಬಾಟ್ಲಿಯ ಮೇಲಿನ ಹೆಸರಿಗೆ ಜೈಲುಂಟಾ?

ಕುರುಗೋಡಿನಲ್ಲಿ ಬೇಕರಿ ಇಟ್ಟುಕೊಂಡಿರುವ ನಮ್ಮ ಕಡೆಯ ಹುಡುಗನೊಬ್ಬ ಮೊನ್ನೆ ಇಶಾ ನಮಾಝ್ ಕಳೆದ ಮೇಲೆ ಫೋನ್ ಮಾಡಿದ್ದ. ಘಟ್ಟ ಹತ್ತಿ ಹೋಗಿ ಬೇಕರಿ, ಹೋಟೆಲು, ಚಪ್ಪಲಿ ಅಂಗಡಿ ಅಂತ ಬದುಕು ಕಟ್ಟಿಕೊಂಡ ಬ್ಯಾರಿಗಳು ಬಯಲುಸೀಮೆಯಲ್ಲಿ ಈಗ ಎಲ್ಲಿ ಹೋದರೂ ಸಿಗುತ್ತಾರೆ. ಇವನ ಹೆಂಡತಿಗೆ ಏಳು ತಿಂಗಳು. ಊರಿಗೆ ಕಳಿಸುವುದೋ, ಬಳ್ಳಾರಿಯಲ್ಲೇ ಹೆರಿಗೆ ಮಾಡಿಸುವುದೋ ಎಂಬ ಯೋಚನೆ. "ಬಳ್ಳಾರಿ ಅಂದ ಕೂಡಲೇ ಅವಳ ಉಮ್ಮ ಅಳ್ಲಿಕ್ಕೆ ಶುರು ಮಾಡ್ತಾರೆ ಕಾಕ, ಆ ಬಾಟ್ಲಿ ಸುದ್ದಿ ಕೇಳಿದ್ದಾರಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೇಳಿದ: "ಅಷ್ಟು ಹೆಂಗಸರು ಹೋದರಲ್ಲ, ಆ ಕಂಪೆನಿಗೆ ಕೊಲೆ ಕೇಸು ಹಾಕ್ಲಿಕ್ಕಾಗ್ತದಾ?"

ಮೊದಲನೆಯ ಪ್ರಶ್ನೆಗೆ ನಾವು ಏನೋ ಹೇಳಿದೆವು. ಎರಡನೆಯದಕ್ಕೆ ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಇರಲಿಲ್ಲ.

ಕುರುಗೋಡು ಈಗ ತಾಲೂಕು ಕೇಂದ್ರ. ದೊಡ್ಡಬಸವೇಶ್ವರನ ಊರು, ಸುತ್ತ ತುಂಗಭದ್ರೆಯ ಕಾಲುವೆ ನೀರು, ಭತ್ತ, ಮೆಣಸಿನಕಾಯಿ. ಹೆರಿಗೆ ಸಲೀಸಾಗಿದ್ದರೆ ಊರಲ್ಲೇ ಆಗುತ್ತದೆ, ಸ್ವಲ್ಪ ತೊಡಕು ಕಂಡರೆ ಸುಮಾರು 30 ಕಿಲೋಮೀಟರ್ ದೂರದ ಬಳ್ಳಾರಿಗೆ ಆ್ಯಂಬುಲೆನ್ಸ್ ಹತ್ತಬೇಕು. ಸಿರುಗುಪ್ಪದವರದೂ ಇದೇ ಪಾಡು. 2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ 34 ಸಿಸೇರಿಯನ್ ಆದವು. ಅವರಲ್ಲಿ ಏಳು ಬಾಣಂತಿಯರಿಗೆ ಮೂತ್ರಪಿಂಡ ಕೈಕೊಟ್ಟಿತು, ಒಂದೊಂದಾಗಿ ಬೇರೆ ಅಂಗಗಳೂ ಸೋತವು. ಆ ತಿಂಗಳಲ್ಲೇ ನಾಲ್ವರು ತೀರಿಹೋದರು. ಡಿಸೆಂಬರ್ ಮೊದಲ ವಾರ ಐದನೆಯವರೂ ಹೋದರು. ಸತ್ತವರ ಪಟ್ಟಿಯಲ್ಲಿ ನಮ್ಮ ಸಮುದಾಯದ ಹೆಣ್ಣುಮಕ್ಕಳ ಹೆಸರೂ ಇತ್ತು. ನಲ್ವತ್ತು ಮುಗಿಯುವ ಮೊದಲೇ ಕೂಸುಗಳು ಉಮ್ಮನಿಲ್ಲದವಾದವು.

ಶಂಕೆ ಹೋದದ್ದು ಡ್ರಿಪ್ಪಿನ ಬಾಟ್ಲಿಯ ಮೇಲೆ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ 'ಗ್ಲೂಕೋಸ್ ಏರಿಸಿದರು' ಅನ್ನುತ್ತೇವೆ. ಇದು ಗ್ಲೂಕೋಸಲ್ಲ, ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ, ನೀರು ಕಡಿಮೆಯಾದಾಗ ನರಕ್ಕೆ ಏರಿಸುವಂಥದ್ದು, ಆಸ್ಪತ್ರೆಯಲ್ಲಿ ಇದಕ್ಕಿಂತ ಮಾಮೂಲಿ ಸಾಮಾನು ಇಲ್ಲ. ಬಾಯಿಯಿಂದ ಹೋಗುವ ಮದ್ದಿಗೆ ಹೊಟ್ಟೆ ಒಂದು ಕಾವಲು. ನರಕ್ಕೆ ಹೋಗುವುದಕ್ಕೆ ಆ ಕಾವಲಿಲ್ಲ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ಹೊರಕವಚದ ವಿಷ ಉಳಿಯುತ್ತದೆ, ಅದಕ್ಕೆ ಎಂಡೋಟಾಕ್ಸಿನ್ ಅನ್ನುತ್ತಾರೆ. ಕುದಿಸಿದರೆ ಹೋಗುವಂಥದ್ದಲ್ಲ. ಆದ್ದರಿಂದಲೇ ಇಂಥ ದ್ರಾವಣದ ಪ್ರತಿ ಬ್ಯಾಚಿಗೂ ಪರೀಕ್ಷೆ ಕಡ್ಡಾಯ.

ಬಾಟ್ಲಿ ತಯಾರಿಸಿದ್ದು ಪಶ್ಚಿಮ ಬಂಗಾಳದ ಪಶ್ಚಿಮ್ ಬಂಗ ಫಾರ್ಮಾಸ್ಯುಟಿಕಲ್ಸ್. ಕೊಂಡದ್ದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಸಾವುಗಳಿಗೂ ಮೊದಲೇ ಇದೇ ಕಂಪೆನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಗುಣಮಟ್ಟವಿಲ್ಲ ಎಂದು ತಿರಸ್ಕರಿಸಿತ್ತು. ಕಂಪೆನಿ ಒಪ್ಪಲಿಲ್ಲ. ಕೇಂದ್ರದ ಪ್ರಯೋಗಾಲಯದಲ್ಲಿ ಕೆಲವು ಪಾಸಾದವು. ಔಷಧ ಕಾಯ್ದೆಯ ಪ್ರಕಾರ ಎರಡು ಲ್ಯಾಬುಗಳ ಮಾತು ಬೇರೆಯಾದರೆ ಕೇಂದ್ರದ್ದೇ ಕೊನೆ ಮಾತು. ತಡೆಹಿಡಿದಿದ್ದ ದಾಸ್ತಾನು ಹೀಗೆ ಮತ್ತೆ ವಾರ್ಡಿಗೆ ಬಂತು. ಸಾವುಗಳ ನಂತರ ಸರಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಕಂಪೆನಿಯ ಮೇಲೆ ಮೊಕದ್ದಮೆ ಹೂಡುತ್ತೇವೆ ಎಂದಿತು, ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರದ ಸರಕಾರಿ ಆಸ್ಪತ್ರೆಯಲ್ಲೂ ಸಿಸೇರಿಯನ್ ಆದ ತಾಯಿಯೊಬ್ಬಳು ಸತ್ತಳು. ಬೆರಳು ತೋರಿದ್ದು ಇದೇ ಕಂಪೆನಿಯ ದ್ರಾವಣದತ್ತ. ಅಲ್ಲಿ 12 ವೈದ್ಯರ ಅಮಾನತಾಯಿತು. ಬಳ್ಳಾರಿಯ ಸುದ್ದಿ ಕೇಳಿಯೂ ಎರಡು ತಿಂಗಳು ಆ ಬಾಟ್ಲಿ ಅಲ್ಲಿ ಹೇಗೆ ಉಳಿಯಿತು ಎಂಬುದಕ್ಕೆ ಬೇರೆ ಲೇಖನವೇ ಬೇಕು. ಕಂಪೆನಿಯದು ಸದ್ಯಕ್ಕೆ ಆರೋಪಿಯ ಸ್ಥಾನ, ಅಪರಾಧ ತೀರ್ಮಾನಿಸುವ ಕೆಲಸ ಕೋರ್ಟಿನದು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಕಂಪೆನಿಯ ಮೇಲೆ ಕ್ರಿಮಿನಲ್ ಕೇಸು ಹಾಕಬಹುದಾ? ಹಾಕಬಹುದು. ಕಾನೂನಿನ ಕಣ್ಣಿನಲ್ಲಿ ಕಂಪೆನಿಯೂ ಒಬ್ಬ 'ವ್ಯಕ್ತಿ'. ಜೈಲಿಗೆ ಹಾಕಲು ಮೈ ಇಲ್ಲ, ಆದ್ದರಿಂದ ಕೇಸೇ ನಿಲ್ಲದು ಎಂಬ ವಾದ ಬಹಳ ಕಾಲ ನಡೆದಿತ್ತು. 2005ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಐವರಲ್ಲಿ ಮೂವರ ಬಹುಮತದಿಂದ, ಆ ವಾದವನ್ನು ತಳ್ಳಿಹಾಕಿತು. ಜೈಲು ಕಡ್ಡಾಯವಾದ ಅಪರಾಧದಲ್ಲೂ ಕಂಪೆನಿಯನ್ನು ಕಟಕಟೆಗೆ ತರಬಹುದು, ಶಿಕ್ಷೆ ದಂಡ ಮಾತ್ರ ಎಂದಿತು. ಹಾಗಾದರೆ ಮಾಲಕರು, ನಿರ್ದೇಶಕರು? 2015ರ ಸುನಿಲ್ ಭಾರ್ತಿ ಮಿತ್ತಲ್ ತೀರ್ಪು ಹೇಳುವುದು ಇಷ್ಟು: ಕಂಪೆನಿ ತಪ್ಪು ಮಾಡಿತು ಅಂದಾಕ್ಷಣ ನಿರ್ದೇಶಕ ಆರೋಪಿ ಆಗುವುದಿಲ್ಲ. ಅವನದೇ ಕೈವಾಡ ತೋರಿಸಬೇಕು, ಇಲ್ಲವೇ ಕಾಯ್ದೆಯಲ್ಲೇ ಹಾಗೆಂದು ಬರೆದಿರಬೇಕು.

ಎಲ್ಲ ಎಡವುವುದು ಇಲ್ಲೇ. ನಿರ್ಲಕ್ಷ್ಯದ ಸಾವಿಗೆ ಹಳೆಯ 304ಎ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್. ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ ಐದಕ್ಕೆ ಏರಿದೆ, ವೈದ್ಯರಿಗೆ ಮಾತ್ರ ಎರಡೇ. ಆದರೆ ಈ ಸೆಕ್ಷನ್ ಬರೆದಿರುವುದು ಲಾರಿ ಚಾಲಕನನ್ನು ಕಣ್ಣೆದುರು ಇಟ್ಟುಕೊಂಡ ಹಾಗಿದೆ. ಒಬ್ಬ ಮನುಷ್ಯ, ಒಂದು ಅಜಾಗರೂಕ ಕೆಲಸ, ಒಂದು ಸಾವು. ಕಾರ್ಖಾನೆಯಲ್ಲಿ ಒಬ್ಬ ನೀರು ಶುದ್ಧ ಮಾಡುತ್ತಾನೆ, ಇನ್ನೊಬ್ಬ ಪರೀಕ್ಷೆ ಮಾಡುತ್ತಾನೆ, ಮೂರನೆಯವನು ಸಹಿ ಹಾಕುತ್ತಾನೆ, ನಾಲ್ಕನೆಯವನು ಖರ್ಚು ಕಡಿಮೆ ಮಾಡಿ ಅಂತ ಮೇಲಿನಿಂದ ಹೇಳುತ್ತಾನೆ. ಎಲ್ಲರ ತಪ್ಪೂ ಸೇರಿ ಸಾವು, ಒಬ್ಬೊಬ್ಬರನ್ನೇ ಹಿಡಿದರೆ ಯಾರ ಕೈಯೂ ಅಷ್ಟು ಕೊಳೆಯಾಗಿಲ್ಲ.

ಇದು ಎಷ್ಟು ದುಬಾರಿ ತೊಡಕು ಎಂಬುದಕ್ಕೆ ಭೋಪಾಲ ಸಾಕು. 1984ರ ಡಿಸೆಂಬರ್ ರಾತ್ರಿ ಸಾವಿರಾರು ಜನ ಸತ್ತರು, ಅವರಲ್ಲಿ ಹಳೇ ಭೋಪಾಲದ ಬಡ ಮುಸ್ಲಿಮರು ಬಹಳ. 1996ರಲ್ಲಿ ಸುಪ್ರೀಂ ಕೋರ್ಟು ಆರೋಪವನ್ನು 304ಎಗೆ ಇಳಿಸಿತು. 2010ರ ಜೂನ್ 7ರಂದು, 25 ವರ್ಷ ಕಳೆದ ಮೇಲೆ, ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷ ಜೈಲು, ಯೂನಿಯನ್ ಕಾರ್ಬೈಡ್ ಇಂಡಿಯಾ ಕಂಪೆನಿಗೆ ಸುಮಾರು 5 ಲಕ್ಷ ರೂಪಾಯಿ ದಂಡ. ಬಳ್ಳಾರಿಯಲ್ಲಿ ಒಂದು ಕುಟುಂಬಕ್ಕೆ ಸರಕಾರ ಕೊಡುವ ಮೊತ್ತವೂ ಅಷ್ಟೇ!

ಭೋಪಾಲದವರೆಗೆ ಯಾಕೆ ಹೋಗಬೇಕು, ಕೆಂಜಾರಿನ ಗುಡ್ಡ ನಮಗೆ ಮರೆತಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ಹೋದರು, ಉಳಿದದ್ದು 8. ಮಂಗಳೂರು, ಕಾಸರಗೋಡಿನ ಎಷ್ಟು ಮನೆಗಳಲ್ಲಿ ಆ ದಿನ ಮಯ್ಯಿತ್ತಿಗೆ ಕಾದು ಕೂತರೋ. ಸಹ ಪೈಲಟ್ ಮತ್ತೆ ಮೇಲೇರಿ ಎಂದು ಹೇಳಿದರೂ ಕ್ಯಾಪ್ಟನ್ ಇಳಿಸುತ್ತಲೇ ಹೋದದ್ದು ಕಾರಣ ಎಂದು ತನಿಖೆ ಹೇಳಿತು. ಕ್ಯಾಪ್ಟನ್ ಕೂಡ ಸತ್ತಿದ್ದರು. ಅಲ್ಲಿಗೆ 'ತಪ್ಪು ಮಾಡಿದ ಮನುಷ್ಯ' ಮುಗಿದ. ಉಳಿದದ್ದು ಪರಿಹಾರದ ಜಗಳ. ಕಾಸರಗೋಡು ಕಡೆಯ ಕುಟುಂಬವೊಂದರ ಅರ್ಜಿಯಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಕನಿಷ್ಠ 75 ಲಕ್ಷ ಕೊಡಬೇಕೆಂದಿತು, ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ವರ್ಷಗಟ್ಟಲೆ ನಮ್ಮವರು ಕೇಳಿದ್ದು 'ಎಷ್ಟು ಸಿಕ್ಕಿತು' ಅಂತ. 'ಯಾರು ಹೊಣೆ' ಅಂತ ಕೇಳಿದವರು ಬೆರಳೆಣಿಕೆ. ಕೇಳದವರನ್ನು ದೂರುವುದಿಲ್ಲ, ದುಡಿಯುವ ಕೈ ಹೋದ ಮನೆಗೆ ಮೊದಲು ಅಕ್ಕಿ ಬೇಕು.

ಬ್ರಿಟನ್ನಿನಲ್ಲಿ 1987ರಲ್ಲಿ ಒಂದು ಹಡಗು, ಬಾಗಿಲು ಹಾಕದೆ ಹೊರಟು ಮಗುಚಿ, 193 ಜನ ಸತ್ತರು. ತಪ್ಪು ಮೇಲಿನಿಂದ ಕೆಳಗಿನವರೆಗೆ ಹರಡಿತ್ತು ಎಂದು ತನಿಖೆ ಹೇಳಿದರೂ, 'ಕಂಪೆನಿಯ ತಲೆ' ಅನ್ನಬಹುದಾದ ಒಬ್ಬ ತಪ್ಪಿತಸ್ಥ ಸಿಗದೆ ಕೇಸು ಬಿದ್ದುಹೋಯಿತು. ಬಹಳ ಹೋರಾಟವಾಗಿ 2007ರಲ್ಲಿ ಹೊಸ ಕಾಯ್ದೆ ಬಂತು. ಮೇಲಾಡಳಿತವು ಕೆಲಸವನ್ನು ನಡೆಸಿದ ರೀತಿಯಲ್ಲೇ ಭಾರೀ ಲೋಪವಿದ್ದು ಜೀವ ಹೋದರೆ ಕಂಪೆನಿಯೇ ನರಹತ್ಯೆಯ ಅಪರಾಧಿ, ದಂಡಕ್ಕೆ ಮಿತಿಯಿಲ್ಲ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತದಲ್ಲಿ ಸತ್ತಾಗ ಎಫ್‌ಐಆರ್‌ನಲ್ಲಿ ಸಂಸ್ಥೆಗಳ ಹೆಸರು ಬಂದದ್ದೇ ದೊಡ್ಡ ಸುದ್ದಿಯಾಯಿತು.

ನಮ್ಮ ಫಿಕ್‌ಹ್‌ನಲ್ಲಿ ಈ ತೊಡಕಿಗೆ ಹತ್ತಿರದ ಒಂದು ಯೋಚನೆ ಉಂಟು. ಅರಿಯದೆ ಜೀವ ತೆಗೆದರೆ, ಸೂರಾ ಅನ್ನಿಸಾಅ್‌ನ 92ನೇ ಆಯತಿನಂತೆ, ಪ್ರಾಯಶ್ಚಿತ್ತವೂ ಇದೆ, ಮನೆಯವರಿಗೆ ದಿಯತ್ ಕೂಡ ಇದೆ. ಮನೆಯವರು ಮನಸ್ಸು ಮಾಡಿದರೆ ದಿಯತ್ ಬಿಟ್ಟುಕೊಡಬಹುದು. ಆ ದಿಯತ್ ಕೊಡಬೇಕಾದದ್ದು ತಪ್ಪು ಮಾಡಿದವನ 'ಆಕಿಲಾ', ಅಂದರೆ ತಂದೆ ಕಡೆಯ ಬಂಧುಗಳ ಕೂಟ, ಮೂರು ವರ್ಷಗಳಲ್ಲಿ. ಉಮರ್ (ರ) ಕಾಲದ ಸೈನ್ಯದ ದಫ್ತರನ್ನು ಆಧಾರ ಮಾಡಿ ಹನಫಿಗಳು ಒಂದೇ ಪಟ್ಟಿಯಲ್ಲಿ ದುಡಿಯುವವರನ್ನೂ ಆಕಿಲಾ ಎಂದರು, ನಾವು ಶಾಫಿಈಗಳು ಬಂಧುಗಳಲ್ಲೇ ನಿಂತೆವು. ಕೂಟದ ಮೇಲೆ ಭಾರ ಯಾಕೆ? ತಮ್ಮವನನ್ನು ಹದ್ದಿನಲ್ಲಿ ಇಡಬೇಕಾದದ್ದು ಕೂಟದ ಕೆಲಸ ಎಂದು ಕೆಲವು ಫುಕಹಾಗಳು ಕಾರಣ ಕೊಟ್ಟಿದ್ದಾರೆ. ವೈದ್ಯ ಗೊತ್ತಿಲ್ಲದೆ ವೈದ್ಯ ಮಾಡಿದವನು ಹೊಣೆಗಾರ ಎಂಬ ಹದೀಸೂ ಉಂಟು. ಇವತ್ತಿನ ಕಂಪೆನಿಗೆ ಇದನ್ನು ನೇರ ಅಂಟಿಸಲಾಗದು, ಅದು ಉಲಮಾಗಳ ಕೆಲಸ. ಆದರೆ 'ಎಲ್ಲರೂ ಸೇರಿ ಮಾಡಿದ್ದು, ಹಾಗಾಗಿ ಯಾರದ್ದೂ ಅಲ್ಲ' ಎಂಬ ಮಾತು ನಮ್ಮ ಕಿತಾಬುಗಳಿಗೆ ಪರಿಚಯದ ಮಾತಲ್ಲ.

ಔಷಧದ ವಿಷಯದಲ್ಲಿ ಮಾತ್ರ ನಮ್ಮ ದೇಶದ ಕಾನೂನು ಅಷ್ಟು ಬಡವಾಗಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 34ನೇ ಸೆಕ್ಷನ್ ಕಂಪೆನಿಯನ್ನೂ, ಆಗ ಅದರ ವ್ಯವಹಾರಕ್ಕೆ ಜವಾಬ್ದಾರರಾದವರನ್ನೂ ಒಟ್ಟಿಗೆ ಅಪರಾಧಿಗಳೆನ್ನುತ್ತದೆ. ಮದ್ದು 'ಕಲಬೆರಕೆ' ಅಥವಾ 'ನಕಲಿ' ಎಂದಾಗಿ ಅದರಿಂದ ಜೀವಹಾನಿಯಾದರೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ. ದಂಡ 10 ಲಕ್ಷ ಅಥವಾ ವಶಪಡಿಸಿದ ಮದ್ದಿನ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಆ ದಂಡ ಸತ್ತವರ ಸಂಬಂಧಿಕರಿಗೆ ಸೇರಬೇಕೆಂದೂ ಬರೆದಿದೆ. ಓದುವಾಗ ದಿಯತ್ ನೆನಪಾಗದೆ ಇರದು. ಅದೇ ಮದ್ದನ್ನು ಬರೀ 'ಗುಣಮಟ್ಟವಿಲ್ಲದ್ದು' ಎಂದು ಬರೆದರೆ? ಒಂದರಿಂದ ಎರಡು ವರ್ಷ, ದಂಡ 20 ಸಾವಿರದಿಂದ ಶುರು. 2023ರ ಜನವಿಶ್ವಾಸ ಕಾಯ್ದೆ ಬಂದ ಮೇಲೆ ಈ ಅಪರಾಧವನ್ನು ಹಣ ಕಟ್ಟಿ ರಾಜಿಯಲ್ಲಿ ಮುಗಿಸಲೂ ಬರುತ್ತದೆ. ಸಾಲದ್ದಕ್ಕೆ, ಇಷ್ಟು ಸಣ್ಣ ಶಿಕ್ಷೆಯ ಅಪರಾಧವಾದ್ದರಿಂದ ಮೂರು ವರ್ಷದೊಳಗೆ ಕೋರ್ಟಿನಲ್ಲಿ ದೂರು ಸಲ್ಲಿಸಬೇಕು. ಬಳ್ಳಾರಿಯ ಸಾವುಗಳಿಗೆ ಲೆಕ್ಕ ಹಾಕಿದರೆ ಅದು 2027ರ ನವೆಂಬರ್.

ಅಂದರೆ ಒಂದು ಲ್ಯಾಬ್ ವರದಿಯ ಒಂದು ಪದದ ಮೇಲೆ, ಆ ಪದವನ್ನು ಇನ್‌ಸ್ಪೆಕ್ಟರ್ ಯಾವ ಸೆಕ್ಷನ್‌ಗೆ ಹಾಕುತ್ತಾರೆ ಎಂಬುದರ ಮೇಲೆ, ಜೀವಾವಧಿಯೋ 20 ಸಾವಿರವೋ ಎಂಬುದು ನಿಂತಿದೆ. ಕೊಳಕು ಪರಿಸ್ಥಿತಿಯಲ್ಲಿ ತಯಾರಾಗಿ ಕಲುಷಿತಗೊಂಡಿರಬಹುದಾದ ಮದ್ದೂ 'ಕಲಬೆರಕೆ'ಯೇ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಸರಕಾರಿ ವಕೀಲರು ಇದನ್ನು ಹಿಡಿದು ವಾದಿಸುತ್ತಾರೋ ಇಲ್ಲವೋ ಎಂಬುದನ್ನು ನೋಡುತ್ತಾ ಇರಬೇಕಾದವರು ನಾವು. ಇನ್ನೊಂದು ಮಾತು: ಬಾಟ್ಲಿ ಕೊಂಡ ಸರಬರಾಜು ನಿಗಮವೂ ಹೆಸರಿನ ಕೊನೆಗೆ 'ಲಿಮಿಟೆಡ್' ಇರುವ ಕಂಪೆನಿಯೇ. ಸರಕಾರದ್ದು ಅನ್ನುವ ಕಾರಣಕ್ಕೆ ಅದನ್ನು ಪ್ರಶ್ನೆಯಿಂದ ಹೊರಗಿಡಬೇಕಾಗಿಲ್ಲ.

ಇನ್ನು ನಮ್ಮ ಮನೆಗಳ ಮಾತು. ಹೆರಿಗೆಯಲ್ಲಿ ತೀರಿಕೊಂಡವಳಿಗೆ ಶಹೀದಳ ದರ್ಜೆ ಎಂದು ಕೇಳಿದ್ದೇವೆ, ಅದರಿಂದ ಸಮಾಧಾನವೂ ಪಡುತ್ತೇವೆ. ಜೊತೆಗೆ 'ಅಲ್ಲಾಹನ ವಿಧಿ' ಅಂತ ಹೇಳಿ ಅದೇ ದಿನ ದಫನ ಮಾಡಿ ಬರುತ್ತೇವೆ. ಪೋಸ್ಟ್‌ಮಾರ್ಟಂ ಅಂದರೆ ಮಯ್ಯಿತ್ತನ್ನು ಕೊಯ್ಯುವುದು ಬೇಡ ಅಂತ ಸಹಿ ಹಾಕಿಕೊಡುತ್ತೇವೆ. ಆ ನೋವು ನಮಗೂ ಗೊತ್ತು. ಆದರೆ ಸಾವಿನ ಕಾರಣ ಕಾಗದದ ಮೇಲೆ ಇಲ್ಲದಿದ್ದರೆ ಕ್ರಿಮಿನಲ್ ಕೇಸು ಕಾಲಿಲ್ಲದ ಮೇಜು. ಹಕ್ಕು ಸಾಬೀತು ಮಾಡಲು ಅಗತ್ಯವಿದ್ದಾಗ ಅದಕ್ಕೆ ಅನುಮತಿ ಕೊಡುವ ಉಲಮಾಗಳಿದ್ದಾರೆ. ಪ್ರತಿ ಜಮಾಅತ್ ತನ್ನ ಖತೀಬರಲ್ಲಿ ಇದನ್ನು ಮೊದಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು. ಸಾವಿನ ಮನೆಯಲ್ಲಿ ನಿಂತು ಚರ್ಚಿಸುವ ವಿಷಯ ಇದಲ್ಲ.

ಕೇಸ್ ಶೀಟಿನ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯಕೀಯ ಮಂಡಳಿಯ 2002ರ ನಿಯಮ. ನಮ್ಮವರು ಬಾಯಲ್ಲಿ ಕೇಳಿ, 'ನಾಳೆ ಬನ್ನಿ' ಅನ್ನಿಸಿಕೊಂಡು ಬರುತ್ತಾರೆ. ಔಷಧ ಕಾಯ್ದೆಯ ಕೇಸನ್ನು ಪೊಲೀಸ್ ಠಾಣೆ ನೇರ ನಡೆಸಲಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಠಾಣೆಯಲ್ಲಿ ಕೊಟ್ಟ ದೂರು 106ನೇ ಸೆಕ್ಷನ್‌ಗೆ ಸರಿ, ಔಷಧ ಕಾಯ್ದೆಗೆ ಡ್ರಗ್ಸ್ ಇನ್‌ಸ್ಪೆಕ್ಟರ್ ಬೇಕು. ಅವರು ಸುಮ್ಮನೆ ಕೂತರೆ? 32ನೇ ಸೆಕ್ಷನ್ ಪ್ರಕಾರ ನೊಂದ ವ್ಯಕ್ತಿಯೇ ಮೊಕದ್ದಮೆ ಹೂಡಬಹುದು, ಮಾನ್ಯತೆ ಪಡೆದ ಗ್ರಾಹಕ ಸಂಘವೂ ಹೂಡಬಹುದು. 26ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ಮದ್ದನ್ನು ಸರಕಾರಿ ವಿಶ್ಲೇಷಕರಿಗೆ ಕಳಿಸಬಹುದು. ಆಂಬುಲೆನ್ಸ್ ಕೊಡಿಸುವ, ಡಯಾಲಿಸಿಸ್ ನಡೆಸುವ ಇಷ್ಟೊಂದು ಸಂಘಟನೆಗಳು ನಮ್ಮಲ್ಲಿ ಇವೆಯಲ್ಲ, ಒಂದಾದರೂ ಈ ದಾರಿಗೆ ಒಬ್ಬ ವಕೀಲರನ್ನು ಇಟ್ಟರೆ ಏನು ನಷ್ಟ?

ಎರಡು ದಿನ ಕಳೆದು ಕುರುಗೋಡಿಗೆ ನಾವೇ ಫೋನ್ ಮಾಡಿ ಇಷ್ಟನ್ನೂ ಹೇಳಿದೆವು. ಹುಡುಗ ಎಲ್ಲ ಕೇಳಿಸಿಕೊಂಡ. ಹೆಂಡತಿಯನ್ನು ಊರಿಗೆ ಕಳಿಸುವುದಿಲ್ಲವಂತೆ, ಎಂಟು ತಿಂಗಳಲ್ಲಿ ಅಷ್ಟು ದೂರದ ಬಸ್ಸು ಬೇಡ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದ್ದಾರೆ. ಅವಳ ಉಮ್ಮನೇ ಬರುತ್ತಾರೆ. "ಡ್ರಿಪ್ ಹಾಕುವಾಗ ಬಾಟ್ಲಿಯ ಲೇಬಲ್ ಫೋಟೋ ತೆಗೆದಿಡ್ತೇನೆ ಕಾಕ, ಬ್ಯಾಚ್ ನಂಬರು ಕಾಣುವ ಹಾಗೆ" ಅಂದ. ಹಾಗೇ ಮಾಡು ಅಂದೆವು.