ಅಂಗಡಿಯಲ್ಲಿ ಸಿಕ್ಕ ಕಥೆ, ಮಳಿಗೆಯ ಹಿಂದೆ ಬರೆದ ದಿನಚರಿ

ವ್ಯಾಪಾರಸ್ಥರಾದ ನಾವು ಕಾದಂಬರಿ, ಸಿನಿಮಾಗಳನ್ನು ಕಾಲಹರಣದ ಖಾತೆಗೇ ಬರೆಯುತ್ತೇವೆ. ಆದರೆ ಹಿಟ್ಲರನ ಆಳಿಕೆಯಲ್ಲಿ 60 ಲಕ್ಷ ಯಹೂದಿಗಳ ಹತ್ಯೆಯಾದ ಸಂಗತಿ ಮನೆಮನೆಗೆ ಮುಟ್ಟಿದ್ದು ಬಹುಮಟ್ಟಿಗೆ ಇವುಗಳಿಂದಲೇ.

ಆನ್ ಫ್ರಾಂಕಳ ತಂದೆ ಆಟೊ ಫ್ರಾಂಕ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಪೆಕ್ಟಿನ್ ಹಾಗೂ ಮಸಾಲೆ ಪದಾರ್ಥಗಳ ವ್ಯಾಪಾರಿ. ಮುಂದೆ ಮಳಿಗೆ, ಹಿಂದೆ ಅಡಗಿದ ಕೋಣೆಗಳು. 1942ರ ಜುಲೈಯಲ್ಲಿ ಒಳಹೊಕ್ಕವರು 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದರು. ಆಗ ಎಂಟು ಜನ. ಕೆಳಗೆ ಕೆಲಸ ನಡೆದಾಗ ಮೇಲೆ ಹೆಜ್ಜೆಯ ಸಪ್ಪಳವೂ ಆಗುವಂತಿರಲಿಲ್ಲ. ಊಟದ ಸಾಮಾನು ತಂದುಕೊಟ್ಟವರು ಅವರ ಕಚೇರಿಯ ನೌಕರರೇ. ಧಣಿಗಾಗಿ ಪ್ರಾಣ ಪಣಕ್ಕಿಡುವ ಗುಮಾಸ್ತರು ನಮ್ಮಲ್ಲಿ ಎಷ್ಟು ಜನರಿಗೆ ಸಿಕ್ಕಾರು! ಹುಡುಗಿ ಬರೆದದ್ದು ತಾಯಿಯ ಮೇಲಿನ ಮುನಿಸು, ಆಲೂಗಡ್ಡೆ, ಓದು, ಅಂಜಿಕೆ. 1945ರಲ್ಲಿ ಬರ್ಗೆನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡಳು. ಎಂಟರಲ್ಲಿ ಮರಳಿದವರು ತಂದೆಯೊಬ್ಬರೇ. ಕಚೇರಿಯ ಮೀಪ್ ಗೀಸ್ ಎತ್ತಿಟ್ಟಿದ್ದ ಹಾಳೆಗಳು 1947ರಲ್ಲಿ ಪುಸ್ತಕವಾದವು.

ಷಿಂಡ್ಲರನ ಕಥೆ ಸಿಕ್ಕದ್ದೂ ಅಂಗಡಿಯಲ್ಲೇ. 1980ರಲ್ಲಿ ಅಮೆರಿಕದ ಬೆವರ್ಲಿ ಹಿಲ್ಸ್‌ನಲ್ಲಿ ಆಸ್ಟ್ರೇಲಿಯದ ಲೇಖಕ ಥಾಮಸ್ ಕೆನಿಲಿ ಕಾಗದಪತ್ರದ ಚೀಲ ಕೊಳ್ಳಲು ಹೋದರು. ಚರ್ಮದ ಸಾಮಾನಿನ ಅಂಗಡಿ. ಆ ವ್ಯಾಪಾರ ನಮಗೆ ವರ್ಜ್ಯ, ಆ ಮಾತು ಬೇರೆ. ಮಾಲೀಕ ಪೋಲ್ಡೆಕ್ ಫೆಫರ್‌ಬರ್ಗ್ ಗಿರಾಕಿಯನ್ನು ಕೂಡಿಸಿಕೊಂಡು, ತನ್ನ ಜೀವ ಉಳಿಸಿದ ಪಾತ್ರೆ ಕಾರ್ಖಾನೆಯ ಒಡೆಯನ ಕಥೆ ಹೇಳಿ ಹಳೆಯ ಕಾಗದಗಳನ್ನೂ ತೋರಿಸಿದರು. 1982ಕ್ಕೆ ಕಾದಂಬರಿ, 1993ಕ್ಕೆ ಸ್ಪೀಲ್‌ಬರ್ಗರ ಸಿನಿಮಾ. ಲಾಭಕ್ಕೆಂದು ಬಂದ ಷಿಂಡ್ಲರ್ ಗಳಿಸಿದ್ದನ್ನೆಲ್ಲ ಸುರಿದು ಸುಮಾರು 1200 ಜನರನ್ನು ಉಳಿಸಿದ.

ಇದಕ್ಕೆ ತಕರಾರು ತೆಗೆದವರು ಫ್ರಾನ್ಸಿನ ಕ್ಲಾಡ್ ಲಾಂಜ್‌ಮನ್. ಇಂಥದ್ದನ್ನು ನಟರಿಂದ ಆಡಿಸಬಾರದೆಂಬುದು ಅವರ ಹಟ. ಅವರ ‘ಷೋಆ’ (1985) ಒಂಬತ್ತು ತಾಸಿಗೂ ಉದ್ದ. ಹಳೆಯ ಚಿತ್ರದ ಒಂದು ತುಣುಕೂ ಇಲ್ಲ. ಬದುಕುಳಿದವರು, ಕಂಡವರು, ಮಾಡಿದವರು ಮಾತನಾಡುತ್ತಾರೆ. ಅದರಲ್ಲಿ ಇತಿಹಾಸಕಾರ ರೌಲ್ ಹಿಲ್ಬರ್ಗ್ ರೈಲ್ವೆಯ ಲೆಕ್ಕ ಬಿಡಿಸುತ್ತಾರೆ. ಕೊಲ್ಲಲು ಒಯ್ಯುವವರಿಗೂ ಪ್ರಯಾಣದ ದರ! ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ, ನಾಲ್ಕರೊಳಗಿನವರಿಗೆ ಬಿಟ್ಟಿ, 400 ಜನರಾದರೆ ಗುಂಪಿನ ರಿಯಾಯಿತಿ. ಹೋಗಿಬರುವ ಟಿಕೆಟು ಕಾವಲುಗಾರರಿಗೆ ಮಾತ್ರ. ಜನ್ಮವೆಲ್ಲ ಕೀರ್ದಿ ಬರೆದ ನಮ್ಮನ್ನು ಗುಂಡು ಹಾರಿಸುವ ದೃಶ್ಯಕ್ಕಿಂತ ಈ ಲೆಕ್ಕವೇ ಹೆಚ್ಚು ನಡುಗಿಸಿತು.

ಎಂಟನೆಯ ಇಯತ್ತೆಯ ಮಕ್ಕಳಿಗೆ ಆನ್‌ಳ ದಿನಚರಿ ಕೊಡಬಹುದು. ಸ್ಪೀಲ್‌ಬರ್ಗರ ಚಿತ್ರ ದೊಡ್ಡವರಾದ ಮೇಲೆ, ಹಿರಿಯರು ಪಕ್ಕದಲ್ಲಿ ಕೂತಿರುವಾಗ. ‘ಷೋಆ’ವನ್ನು ನಾಲ್ಕೈದು ಸಂಜೆಗೆ ಹಂಚಿಕೊಂಡು ನೋಡಿರಿ.