ತೊಟ್ಟಿಲ ರಕ್ತದ ಗುಟ್ಟು

ಹುಟ್ಟಿನೊಡನೆ ಬಂದ ರೋಗ ತೊಟ್ಟಿಲ ಕೂಸನ್ನು ಮುಟ್ಟದೆ ಬಿಡುವುದುಂಟೆ? ೧೯೪೮ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ವೈದ್ಯೆ ಜಾನೆಟ್ ವಾಟ್ಸನ್ ಅವರಿಗೆ ಕಂಡುದು ಇಂಥದೇ ಒಂದು ವಿಚಿತ್ರ. 'ಕುಡುಗೋಲು ಕಣ ರೋಗ'ವನ್ನು ಹೊತ್ತು ಹುಟ್ಟಿದ ಶಿಶುಗಳು ಮೊದಲ ಕೆಲವು ತಿಂಗಳು ಬೇನೆಯನ್ನೇ ಅರಿಯದೆ ಬೆಳೆಯುತ್ತಿದ್ದವು. ಉಪಟಳವೆಲ್ಲ ಆರಂಭವಾಗುತ್ತಿದ್ದುದು ಆಮೇಲೆ. ಶಿಶುವಿನ ರಕ್ತದಲ್ಲೇ ಏನೋ ಒಂದು ರಕ್ಷೆ ಇರಬೇಕೆಂದು ಅವರು ಊಹಿಸಿದರು. ಆ ಊಹೆ ಚಿಕಿತ್ಸೆಯಾಗಿ ಫಲಿಸಲು ಎಪ್ಪತ್ತೈದು ವರ್ಷಗಳು ಹಿಡಿದವು.

ಬಾಗಿದ ಕಣ

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹೀಮೋಗ್ಲೋಬಿನ್. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಮುಟ್ಟಿಸುವುದು ಇದರ ಕೆಲಸ. ಇದರ ಬೀಟಾ ಸರಪಣಿಯಲ್ಲಿ ೧೪೬ ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಲ್ಪಟ್ಟಿವೆ. ಅವುಗಳಲ್ಲಿ ಆರನೆಯದೊಂದು ಬದಲಾಯಿತೆಂದರೆ ಅನರ್ಥ. ತಾಯಿ ತಂದೆ ಇಬ್ಬರಿಂದಲೂ ಈ ತಪ್ಪನ್ನು ಪಡೆದ ಮಗುವಿನಲ್ಲಿ ಹೀಮೋಗ್ಲೋಬಿನ್, ಆಮ್ಲಜನಕವನ್ನು ಇಳಿಸಿದಾಗ, ಒಂದಕ್ಕೊಂದು ಅಂಟಿ ಎಳೆಗಟ್ಟುತ್ತದೆ. ದುಂಡಗೆ ಮೃದುವಾಗಿದ್ದ ಕಣ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ; ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಹರಿವನ್ನೇ ತಡೆಯುತ್ತದೆ. ಆಗಿನ ಯಾತನೆ ಹೇಳತೀರದು.

ದೋಷವಿರುವುದು ಹೀಮೋಗ್ಲೋಬಿನ್ ಅಣುವಿನಲ್ಲೇ ಎಂಬುದನ್ನು ೧೯೪೯ರಲ್ಲಿ ಲೈನಸ್ ಪಾಲಿಂಗ್ ತೋರಿಸಿದರು. ಮುಂದಿನ ದಶಕದಲ್ಲಿ ವರ್ನನ್ ಇನ್‌ಗ್ರಾಮ್ ತಪ್ಪಿದ ಮಣಿಯನ್ನೇ ಗುರುತಿಸಿದರು. ರೋಗದ ಬೇರು ಕಂಡಿತು. ಅದನ್ನು ಕೀಳುವ ಬಗೆ ಮಾತ್ರ ಕಾಣಲಿಲ್ಲ.

ಮಲಗಿಸಿದವರಾರು?

ಗರ್ಭಸ್ಥ ಶಿಶುವಿನ ಹೀಮೋಗ್ಲೋಬಿನ್ನೇ ಬೇರೆ. ಅದರಲ್ಲಿ ಬೀಟಾ ಸರಪಣಿಯ ಬದಲು ಗಾಮಾ ಸರಪಣಿ ಇರುವುದರಿಂದ ಕಣ ಬಾಗುವುದಿಲ್ಲ. ಹುಟ್ಟಿದ ಕೆಲವು ತಿಂಗಳಲ್ಲಿ ದೇಹ ಗಾಮಾ ಜೀನನ್ನು ಮಲಗಿಸಿ, ಬೀಟಾ ಜೀನಿಗೆ ಅಧಿಕಾರ ವಹಿಸುತ್ತದೆ. ಆದರೆ ಮಲಗಿದುದು ಸತ್ತಿರುವುದಿಲ್ಲ. ದೊಡ್ಡವರಾದ ಮೇಲೂ ಶಿಶುವಿನ ಹೀಮೋಗ್ಲೋಬಿನ್ ಉಳಿದಿರುವ ಕೆಲವರುಂಟು. ಅವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಹಾಗಾದರೆ ಮಲಗಿಸುವವನನ್ನು ಹಿಡಿದರೆ ಸಾಕಲ್ಲವೆ?

ಅವನನ್ನು ಹಿಡಿದವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾಕ್ಟರ್ ಸ್ಟುವರ್ಟ್ ಆರ್ಕಿನ್. ರಕ್ತದ ಜೀನುಗಳ ಬೆನ್ನುಹತ್ತಿ ದಶಕಗಳನ್ನೇ ಕಳೆದ ಸಂಶೋಧಕರು ಅವರು. ೨೦೦೭ರಲ್ಲಿ ಲಂಡನ್ನಿನಲ್ಲಿದ್ದ ಸ್ವೀ ಲೇ ಥೈನ್ ಮತ್ತು ಸಂಗಡಿಗರ ಅಧ್ಯಯನ ಬಿಸಿಎಲ್೧೧ಎ ಎಂಬ ಜೀನಿನತ್ತ ಬೆರಳು ತೋರಿಸಿತು. ಮರುವರ್ಷ ಆರ್ಕಿನ್ ಮತ್ತು ಅವರ ಶಿಷ್ಯ ವಿಜಯ್ ಶಂಕರನ್, ಗಾಮಾ ಜೀನನ್ನು ಅದುಮಿಡುವುದು ಇದೇ ಎಂದು ಸಿದ್ಧಪಡಿಸಿದರು. ೨೦೧೧ರಲ್ಲಿ ಇಲಿಗಳ ರಕ್ತದಲ್ಲಿ ಇದನ್ನು ಸುಮ್ಮನಾಗಿಸಿದಾಗ ಅವುಗಳ ರೋಗ ನೀಗಿತು.

ಇಲ್ಲೊಂದು ಗಂಡಾಂತರವಿತ್ತು. ಈ ಜೀನ್ ಮೆದುಳಿಗೂ ಬೇಕು, ರೋಗನಿರೋಧಕ ಕಣಗಳಿಗೂ ಬೇಕು. ಅದನ್ನು ಬುಡಸಮೇತ ಕಿತ್ತರೆ ಹೊಸ ಅನಾಹುತ. ೨೦೧೩ರಲ್ಲಿ ಆರ್ಕಿನ್ ತಂಡ ಇದಕ್ಕೂ ದಾರಿ ಕಂಡಿತು: ಕೆಂಪುಕಣಗಳಲ್ಲಿ ಮಾತ್ರ ಆ ಜೀನನ್ನು ಚುರುಕುಗೊಳಿಸುವ ತುಣುಕೊಂದು ಸಿಕ್ಕಿತು. ಅದನ್ನಷ್ಟೇ ಕತ್ತರಿಸಿದರಾಯಿತು.

ಚಿಕಿತ್ಸೆ ಮತ್ತು ಬೆಲೆ

ಈ ತಿಳಿವಿನ ಮೇಲೆ ಕಟ್ಟಿದ ಚಿಕಿತ್ಸೆಯ ಹೆಸರು ಕ್ಯಾಸ್‌ಜೆವಿ. ರೋಗಿಯ ರಕ್ತದಿಂದ ಆಕರಕೋಶಗಳನ್ನು ತೆಗೆದು, 'ಕ್ರಿಸ್ಪರ್' ಎಂಬ ಅಣುಕತ್ತರಿಯಿಂದ ಆ ತುಣುಕನ್ನು ಕತ್ತರಿಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಅದಕ್ಕೆ ಮೊದಲು ಉಗ್ರವಾದ ಔಷಧದಿಂದ ಅಸ್ಥಿಮಜ್ಜೆಯನ್ನು ಬರಿದು ಮಾಡಬೇಕು. ಈ ಔಷಧದಿಂದ ಸಂತಾನಶಕ್ತಿ ಕುಂದುವ ಭಯವಿದೆ; ವಾರಗಟ್ಟಲೆ ಆಸ್ಪತ್ರೆವಾಸ ತಪ್ಪದು. ಆದರೂ ಫಲ ದೊಡ್ಡದು. ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬಂದ ೩೧ ರೋಗಿಗಳಲ್ಲಿ ೨೯ ಮಂದಿ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆಯಿಲ್ಲದೆ ಕಳೆದರು. ೨೦೨೩ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ನೀಡಿದವು. ಥೈನ್ ಮತ್ತು ಆರ್ಕಿನ್ ಅವರಿಗೆ ೨೦೨೪ರ ಶಾ ಪ್ರಶಸ್ತಿ ಸಂದಿತು.

ಆದರೆ ಅಮೆರಿಕದಲ್ಲಿ ನಿಗದಿಯಾದ ಬೆಲೆ ಒಬ್ಬ ರೋಗಿಗೆ ೨೨ ಲಕ್ಷ ಡಾಲರ್. ಈ ರೋಗವೋ ಹೆಚ್ಚಾಗಿ ಬಡವರ ಮನೆಗಳದು. ಆಫ್ರಿಕದಲ್ಲಿ ಇದರ ಹಾವಳಿ ಎಲ್ಲೆಡೆಗಿಂತ ಹೆಚ್ಚು. ನಮ್ಮ ದೇಶವೂ ಹೊರತಲ್ಲ. ನೀಲಗಿರಿಯ ಬುಡಕಟ್ಟುಗಳ ರಕ್ತದಲ್ಲಿ ಈ ದೋಷ ೧೯೫೨ರಲ್ಲೇ ಪತ್ತೆಯಾಯಿತು. ೨೦೨೩ರ ಜುಲೈನಲ್ಲಿ ಭಾರತ ಸರ್ಕಾರ, ೨೦೪೭ರೊಳಗೆ ರೋಗವನ್ನು ನಿರ್ಮೂಲಮಾಡುವ ಗುರಿಯಿಂದ ರಕ್ತತಪಾಸಣೆಯ ರಾಷ್ಟ್ರೀಯ ಆಂದೋಲನವನ್ನು ಆರಂಭಿಸಿತು.

ಹೊರಗಿನಿಂದ ಏನನ್ನೂ ತಂದು ತುಂಬದೆ, ದೇಹ ಮರೆತಿದ್ದುದನ್ನೇ ಅದಕ್ಕೆ ನೆನಪಿಸಿಕೊಟ್ಟುದು ಈ ವಿದ್ಯೆಯ ಹಿರಿಮೆ. ತೊಟ್ಟಿಲ ರಕ್ತದ ಗುಟ್ಟು ಬಯಲಾಗಿದೆ. ಅದರ ಫಲ ಗುಡಿಸಲಿನ ತೊಟ್ಟಿಲನ್ನು ಮುಟ್ಟಿದ ದಿನವೇ ಈ ಸಾಧನೆ ಪೂರ್ಣವಾದೀತು.