ಸಂದೇಹ ಎಲ್ಲಿಗೆ ಬಂದು ನಿಲ್ಲುತ್ತದೆ?

ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದಾಗ, 1886ರ ಜುಲೈ 3ರಂದು, ಅಲ್ಲಿ ಹುಟ್ಟಿದವರು ರಾಮಚಂದ್ರ ದತ್ತಾತ್ರೇಯ ರಾನಡೆ. ಈ ಸೀಮೆಯವರಿಗೆ ಅವರು ಗುರುದೇವ ರಾನಡೆ. ಅವರ ಹೆಸರೆತ್ತಿದರೆ ನಿಂಬಾಳದ ಆಶ್ರಮ, ನಾಮಸ್ಮರಣೆ ನೆನಪಾಗುತ್ತವೆ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದ, ಗ್ರೀಕ್ ದಾರ್ಶನಿಕರ ಮೇಲೆ ಬರೆದ ರಾನಡೆಯವರೂ ಅಷ್ಟೇ ದೊಡ್ಡವರು. ಖಚಿತವಾದ ಅರಿವಿಗೆ ಆಧಾರವೇನು ಎಂಬುದು ಭಕ್ತನಾಗಿಯೂ ಪಂಡಿತನಾಗಿಯೂ ಅವರನ್ನು ಕಾಡಿದ ಪ್ರಶ್ನೆ.

ಇದೇ ಪ್ರಶ್ನೆಯನ್ನು ಫ್ರಾನ್ಸಿನ ರೆನೆ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ‘ಮೆಡಿಟೇಷನ್ಸ್’ ಕೃತಿಯಲ್ಲಿ ತುದಿಮುಟ್ಟ ಎಳೆದಿದ್ದ. ಕಣ್ಣು ಕಿವಿಗಳು ಆಗಾಗ ಮೋಸಮಾಡುತ್ತವೆ. ಎಚ್ಚರವೆಂದುಕೊಂಡದ್ದು ಕನಸಾಗಿರಬಹುದು. ಮಹಾಶಕ್ತಿಯ ಮಾಯಾವಿಯೊಬ್ಬ ಗಣಿತದಲ್ಲಿಯೂ ನಮ್ಮನ್ನು ದಾರಿತಪ್ಪಿಸುತ್ತಿದ್ದರೆ? ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ಹೋದವನಿಗೆ ತಳ್ಳಲಾಗದೆ ಉಳಿದದ್ದು ಒಂದೇ: ಸಂದೇಹಪಡುತ್ತಿರುವ ತಾನು ಇರುವುದಂತೂ ನಿಜ.

ಅವನಿಗಿಂತ ಶತಮಾನಗಳ ಹಿಂದೆಯೇ ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ, ಆತ್ಮವನ್ನು ಅಲ್ಲಗಳೆಯಲಾಗದು, ಅಲ್ಲಗಳೆಯುವವನೇ ಆತ್ಮ ಎಂದು ವಾದಿಸಿದ್ದರು. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಡೆಕಾರ್ಟ್‌ಗೆ ‘ನಾನು’ ಎಂಬುದು ಆಲೋಚಿಸುವ ಒಂದು ವಸ್ತು. ಅದರ ಮೇಲೆ ಅವನು ಹೊಸ ವಿಜ್ಞಾನ ಕಟ್ಟಬೇಕಿತ್ತು. ಶಂಕರರ ಆತ್ಮ ಒಬ್ಬೊಬ್ಬರಿಗೆ ಬೇರೆಬೇರೆಯಾದ ‘ನಾನು’ ಅಲ್ಲವೇ ಅಲ್ಲ.

1926ರಲ್ಲಿ ಬಂದ ಉಪನಿಷತ್ತುಗಳ ಕುರಿತ ತಮ್ಮ ಗ್ರಂಥದಲ್ಲಿ ರಾನಡೆ ಋಷಿಗಳ ಹುಡುಕಾಟದ ಜಾಡು ಹಿಡಿದರು. ಪರಮಸತ್ಯವನ್ನು ಮೊದಲು ಹೊರಗಿನ ಸೃಷ್ಟಿಯಲ್ಲಿ, ಆಮೇಲೆ ದೇವತೆಗಳಲ್ಲಿ ಅರಸಿದವರು ಕಡೆಗೆ ತಮ್ಮೊಳಗಿನ ಅರಿವಿಗೇ ಬಂದರು ಎಂಬುದನ್ನು ಹಂತಹಂತವಾಗಿ ತೋರಿಸಿದರು.

ಒಳಗಿನ ಅನುಭವ ಭ್ರಮೆಯಲ್ಲ ಎನ್ನುವುದು ಹೇಗೆ? ಡೆಕಾರ್ಟ್ ಇಂಥ ಇಕ್ಕಟ್ಟಿನಲ್ಲಿ, ಮೋಸಮಾಡದ ದೇವರೊಬ್ಬನಿದ್ದಾನೆ ಎಂದು ಸಾಧಿಸಹೊರಟ. ಸ್ಪಷ್ಟ ವಿಚಾರಗಳನ್ನು ನಂಬಿ ದೇವರನ್ನು ಸಾಧಿಸಿ, ದೇವರನ್ನು ನಂಬಿ ಸ್ಪಷ್ಟ ವಿಚಾರಗಳನ್ನು ಒಪ್ಪಿದರೆ ಸುತ್ತಿಸುತ್ತಿ ಅಲ್ಲಿಗೇ ಬಂದಂತಾಯಿತಲ್ಲ ಎಂದು ಅವನ ಸಮಕಾಲೀನ ಚಿಂತಕ ಆಂಟ್ವಾನ್ ಆರ್ನೋ ಆಗಲೇ ಆಕ್ಷೇಪಿಸಿದ್ದ. ರಾನಡೆ ಮಹಾರಾಷ್ಟ್ರದ ಸಂತರನ್ನು ಕುರಿತ 1933ರ ಗ್ರಂಥದಲ್ಲಿ ಬೇರೆ ಒರೆಗಲ್ಲು ಹಿಡಿದರು. ದೇಶ, ಕಾಲ, ಮತ ಬೇರೆಯಾದರೂ ಅನುಭಾವಿಗಳು ಕಂಡದ್ದು ಒಂದಕ್ಕೊಂದು ಹೊಂದುತ್ತದೆಯೇ? ಅದು ಅವರ ಬುದ್ಧಿ, ಭಾವ, ನಡತೆಗಳನ್ನು ಹದಗೊಳಿಸಿದೆಯೇ?

ಇದು ಡೆಕಾರ್ಟ್ ಬೇಡಿದಂಥ ನಿಸ್ಸಂದೇಹ ಪುರಾವೆಯಲ್ಲ. ಹಲವರು ಒಟ್ಟಿಗೆ ತಪ್ಪುವುದೂ ಉಂಟು. ಆದರೂ ಒಬ್ಬನ ನಂಬಿಕೆಯನ್ನು ನಾಲ್ವರ ಪರೀಕ್ಷೆಗೆ ಒಡ್ಡಿದ್ದು ಸಣ್ಣ ಧೈರ್ಯವಲ್ಲ. ಕನ್ನಡದ ಶರಣರನ್ನೂ ದಾಸರನ್ನೂ ಅವರು ಹೀಗೆಯೇ ಜೊತೆಗಿಟ್ಟು ಓದಿದರು. 1957ರಲ್ಲಿ ಅವರು ತೀರಿಕೊಂಡ ಮೇಲೆ ಆ ವಿಚಾರಗಳು ‘ಪಾತ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಎಂಬ ಪುಸ್ತಕವಾಗಿ ಹೊರಬಂದವು.